ಇಥಿಯೋಪಿಯಾಕ್ಕೆ ಹೋಗಲಾರದವರು ಸ್ಪೇನಿಗೆ ಹೋದರು

ನಾವು ಶಾಲೆಯಲ್ಲಿ ಓದಿದ ಚರಿತ್ರೆಯಲ್ಲಿ ಸ್ಪೇನ್ ದೇಶ ಒಂದೇ ಒಂದು ಸಲ ಬರುತ್ತಿತ್ತು. ರಾಣಿ ಇಸಬೆಲ್ಲ ಕೊಲಂಬಸ್‌ಗೆ ಹಡಗು ಕೊಟ್ಟಳು, ಅವನು ಇಂಡಿಯಾ ಹುಡುಕಲು ಹೋಗಿ ಅಮೆರಿಕ ಕಂಡುಹಿಡಿದ. ಅಷ್ಟೆ. ಅದನ್ನು ಬಾಯಿಪಾಠ ಮಾಡಿ ಎರಡು ಮಾರ್ಕು ತಗೊಂಡೆವು. ಆ ಹಡಗುಗಳ ಹಿಂದೆಯೇ ಗುಲಾಮರ ಹಡಗುಗಳು ಹೋದವು, ಆಫ್ರಿಕಾದ ಕರಿಯರನ್ನು ಸರಪಳಿಯಲ್ಲಿ ಬಿಗಿದು ಸಾಗಿಸಿದವು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ಪುಸ್ತಕದಲ್ಲಿ ಇದ್ದರೆ ತಾನೆ ಅವರು ಹೇಳೋದು! ಇನ್ನು ಆ ಗುಲಾಮರ ಮರಿಮಕ್ಕಳು ಸುಮಾರು ನಾನೂರೈವತ್ತು ವರ್ಷಗಳಾದ ಮೇಲೆ ಅದೇ ಅಟ್ಲಾಂಟಿಕ್ ಸಮುದ್ರವನ್ನು ತಿರುಗಾ ದಾಟಿ ಸ್ಪೇನಿಗೆ ಬಂದದ್ದು, ಈ ಸಲ ತಮ್ಮ ಸ್ವಂತ ಇಷ್ಟದಿಂದ ಬಂದೂಕು ಹಿಡಿಯಲು ಬಂದದ್ದು ಯಾವ ಪುಸ್ತಕದಲ್ಲಿ ಸಿಕ್ಕಬೇಕು?

ಅವರ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಬರೀ ಶೌರ್ಯದ ಕತೆಯಾಗಿ ಹೇಳಿದರೆ ಸಾಲದು. ಅದೇ ಯುದ್ಧಕ್ಕೆ ಇನ್ನೊಂದು ಕಡೆಯಿಂದ ಬಂದ ಬಡವರೂ ಇದ್ದರು. ಅವರ ಲೆಕ್ಕವನ್ನೂ ಕೇಳಬೇಕು.

1930ರ ದಶಕದ ಸ್ಪೇನ್ ಹೇಗಿತ್ತು? 1931ರಲ್ಲಿ ಅರಸ ಓಡಿಹೋಗಿ ಗಣರಾಜ್ಯ ಬಂದಿತ್ತು. ಅರಸ ಹೋದ, ಧಣಿ ಹೋಗಲಿಲ್ಲ. ದಕ್ಷಿಣದ ಆಂದಲೂಸಿಯ, ಎಸ್ತ್ರೆಮಾದುರ ಸೀಮೆಗಳಲ್ಲಿ ಒಬ್ಬೊಬ್ಬ ಧಣಿಗೆ ಸಾವಿರಾರು ಎಕರೆ, ಉಳುವವನಿಗೆ ಗೇಣು ನೆಲವೂ ಇಲ್ಲ. ಬೆಳಗಿನ ಜಾವ ಕೂಲಿಯಾಳುಗಳು ಊರ ಚೌಕದಲ್ಲಿ ಬಂದು ನಿಲ್ಲಬೇಕು. ಧಣಿಯ ಮೇಸ್ತ್ರಿ ದನದ ಸಂತೆಯಲ್ಲಿ ನೋಡಿದ ಹಾಗೆ ನೋಡಿ, ನೀನು ಬಾ, ನೀನು ಬೇಡ ಅನ್ನಬೇಕು. ಬೇಡ ಅನ್ನಿಸಿಕೊಂಡವನ ಮನೆಯಲ್ಲಿ ಆವತ್ತು ಒಲೆ ಉರಿಯುವುದಿಲ್ಲ. 1932ರಲ್ಲಿ ಭೂಸುಧಾರಣೆ ಕಾನೂನು ಬಂತು. ಬಹುಪಾಲು ಕಾಗದದ ಮೇಲೇ ಉಳಿಯಿತು. ಭೂಸುಧಾರಣೆ ಕಾಗದದ ಮೇಲೆ ಉಳಿಯೋದು ಅಂದರೆ ಏನು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1936ರ ಫೆಬ್ರವರಿ ಚುನಾವಣೆಯಲ್ಲಿ ಎಡಪಕ್ಷಗಳು ಮತ್ತು ಗಣರಾಜ್ಯವಾದಿಗಳು ಕೂಡಿದ ಜನತಾ ರಂಗ ಗೆದ್ದಿತು. ಕೂಲಿಗಳು ಕಾನೂನಿಗಾಗಿ ಕಾಯಲಿಲ್ಲ. ಮಾರ್ಚ್ 25ರ ಬೆಳಗ್ಗೆ ಬದಾಹೋಸ್ ಪ್ರಾಂತ್ಯದಲ್ಲಿ ಸುಮಾರು 60 ಸಾವಿರ ಜನ ಒಟ್ಟಿಗೇ ಹೊರಟು ಸುಮಾರು 3,000 ಜಮೀನುಗಳಿಗೆ ಇಳಿದು ಉಳತೊಡಗಿದರು.

ನಾಲ್ಕು ತಿಂಗಳು ತುಂಬಲಿಲ್ಲ. ಜುಲೈ 17ರಂದು, ಸ್ಪೇನಿನ ವಸಾಹತಾಗಿದ್ದ ಉತ್ತರ ಮೊರಾಕೋದಲ್ಲಿ, ಸೈನ್ಯದ ದಂಡನಾಯಕರು ಚುನಾಯಿತ ಸರ್ಕಾರದ ಮೇಲೆ ದಂಗೆ ಎದ್ದರು. ಜನರಲ್ ಫ್ರಾಂಕೋ ಬೇಗನೆ ಅವರ ಮುಖ್ಯಸ್ಥನಾದ. ಧಣಿ, ದಂಡನಾಯಕ, ಬಿಷಪ್ಪು ಮೂವರೂ ಒಂದಾದರು. ಇದು ಧರ್ಮಯುದ್ಧ ಅಂತ ಸಾರಿದರು. ಹಿಟ್ಲರ್ ತನ್ನ ವಿಮಾನ ಕೊಟ್ಟು ಫ್ರಾಂಕೋ ಸೈನ್ಯವನ್ನು ಆಫ್ರಿಕಾದಿಂದ ಸಮುದ್ರ ದಾಟಿಸಿದ. ಆಮೇಲೆ ಕಾಂಡೋರ್ ಲೀಜನ್ ಎಂಬ ವಿಮಾನ ಪಡೆಯನ್ನೇ ಕಳಿಸಿದ. ಮುಸೊಲಿನಿ ಯುದ್ಧ ಮುಗಿಯುವುದರೊಳಗೆ 70 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಳಿಸಿದ. ಆಗಸ್ಟ್ 14ರಂದು ಬದಾಹೋಸ್ ಪಟ್ಟಣ ಬಿತ್ತು. ಸೆರೆಸಿಕ್ಕವರನ್ನು ಗೂಳಿಕಾಳಗದ ಅಂಗಳಕ್ಕೆ ಅಟ್ಟಿ ಗುಂಡಿಕ್ಕಿದರು. ಮಾರ್ಚಿಯಲ್ಲಿ ಭೂಮಿಗೆ ಇಳಿದವರ ಮೇಲಿನ ಸೇಡನ್ನು ಆಗಸ್ಟಿನಲ್ಲಿ ತೀರಿಸಿಕೊಂಡರು.

ಪ್ರಜಾಪ್ರಭುತ್ವದ ತಾಯಿ ತಂದೆ ಅನ್ನಿಸಿಕೊಂಡ ಬ್ರಿಟನ್ನು, ಫ್ರಾನ್ಸು ಏನು ಮಾಡಿದವು? 'ನಾವು ನಡುವೆ ಬರುವುದಿಲ್ಲ' ಅಂತ ಕರಾರು ಮಾಡಿಕೊಂಡವು. 27 ದೇಶ ಅದಕ್ಕೆ ಒಪ್ಪಿದವು. ಒಪ್ಪಿದವರಲ್ಲಿ ಹಿಟ್ಲರನ ಜರ್ಮನಿಯೂ ಇತ್ತು, ಮುಸೊಲಿನಿಯ ಇಟಲಿಯೂ ಇತ್ತು! ಕಾವಲು ಸಮಿತಿಯಲ್ಲಿ ಕಳ್ಳರೂ ಮೆಂಬರು. ಅಮೆರಿಕ ಎರಡೂ ಕಡೆಗೆ ಆಯುಧ ಮಾರುವುದಿಲ್ಲ ಅಂತ 1937ರ ಜನವರಿಯಲ್ಲಿ ಕಾನೂನು ತಂದಿತು. ಆದರೆ ಅಮೆರಿಕದ ಟೆಕ್ಸಾಕೊ ಕಂಪನಿಯ ಎಣ್ಣೆ ಫ್ರಾಂಕೋಗೆ ಸಾಲದ ಮೇಲೆ ಹೋಗುತ್ತಲೇ ಇತ್ತು. ಗಣರಾಜ್ಯಕ್ಕೆ ಆಯುಧ ಕೊಟ್ಟದ್ದು ಮುಖ್ಯವಾಗಿ ಸೋವಿಯತ್ ಒಕ್ಕೂಟ, ಅದೂ ಚಿನ್ನ ತೆಗೆದುಕೊಂಡು. ಆಯುಧದ ಜೊತೆಗೆ ಅದರ ಗುಪ್ತ ಪೊಲೀಸರೂ ಬಂದರು. 1937ರ ಮೇ ತಿಂಗಳಲ್ಲಿ ಬಾರ್ಸಿಲೋನಾದ ಬೀದಿಗಳಲ್ಲಿ ಎಡದವರೇ ಎಡದವರ ಮೇಲೆ ಗುಂಡು ಹಾರಿಸಿದರು. ನಮ್ಮವರ ತಪ್ಪು ಅಂತ ಇದನ್ನು ಮುಚ್ಚಿಡುವ ಚರಿತ್ರೆ ನಮಗೆ ಬೇಡ.

ಸರ್ಕಾರಗಳು ಕೈಕಟ್ಟಿ ಕೂತಾಗ ಜನ ಹೊರಟರು. ಮೊದಲು ನಿಂತವರಲ್ಲಿ ಆಟಗಾರರೂ ಇದ್ದರು. ಹಿಟ್ಲರನ ಬರ್ಲಿನ್ ಒಲಿಂಪಿಕ್ಸಿಗೆ ಎದುರಾಗಿ ಬಾರ್ಸಿಲೋನಾದಲ್ಲಿ ಜುಲೈ ತಿಂಗಳಲ್ಲೇ ಜನತಾ ಒಲಿಂಪಿಕ್ಸ್ ಏರ್ಪಾಡಾಗಿತ್ತು. ದಂಗೆಯಿಂದಾಗಿ ಆಟ ನಡೆಯಲಿಲ್ಲ. ಓಡಲು, ಜಿಗಿಯಲು ಬಂದವರಲ್ಲಿ ಕೆಲವರು ಬಂದೂಕು ಹಿಡಿದು ಅಲ್ಲೇ ಉಳಿದರು. ಅಕ್ಟೋಬರ್ ಹೊತ್ತಿಗೆ ಅಲ್ಬಸೆತೆ ಪಟ್ಟಣದಲ್ಲಿ ಅಂತರರಾಷ್ಟ್ರೀಯ ದಳಗಳು ಕಟ್ಟಲ್ಪಟ್ಟವು. ಯುದ್ಧ ಮುಗಿಯುವುದರೊಳಗೆ 50ಕ್ಕೂ ಹೆಚ್ಚು ದೇಶಗಳಿಂದ ಸುಮಾರು 35 ಸಾವಿರ ಮಂದಿ ಈ ದಳಗಳಲ್ಲಿ ಹೋರಾಡಿದರು. ಗಣಿ ಕೂಲಿಗಳು, ಹಡಗಿನ ಆಳುಗಳು, ದರ್ಜಿಗಳು, ಮೇಷ್ಟ್ರುಗಳು, ಕೆಲಸವಿಲ್ಲದವರು. ಪಾಸ್‌ಪೋರ್ಟಿನ ಮೇಲೆ 'ಸ್ಪೇನಿಗೆ ಹೋಗಲು ಸಲ್ಲದು' ಅಂತ ಅಮೆರಿಕ ಸರ್ಕಾರ ಮುದ್ರೆ ಒತ್ತುತ್ತಿತ್ತು. ಅದಕ್ಕೇ ಪ್ಯಾರಿಸ್ಸಿಗೆ ಬಂದು, ಹಗ್ಗದ ಅಟ್ಟೆಯ ಚಪ್ಪಲಿ ಮೆಟ್ಟಿ, ರಾತ್ರಿಯಿಡೀ ಪಿರೆನೀಸ್ ಪರ್ವತ ಹತ್ತಿ ಗಡಿ ದಾಟುತ್ತಿದ್ದರು. ಸಮುದ್ರದ ದಾರಿ ಹಿಡಿದವರಿಗೆ ಅದೂ ಸುಖದ ದಾರಿಯಲ್ಲ. 1937ರ ಮೇ 30ರಂದು ಇವರನ್ನು ಹೊತ್ತ 'ಸಿಯುದಾದ್ ದೆ ಬಾರ್ಸಿಲೋನಾ' ಹಡಗನ್ನು ಜಲಾಂತರ್ಗಾಮಿಯೊಂದು ಹೊಡೆದು ಮುಳುಗಿಸಿತು.

ತಮ್ಮ ದೇಶದವರ ಎದುರೇ ನಿಲ್ಲಬೇಕಾದವರೂ ಇದರಲ್ಲಿದ್ದರು. 1937ರ ಮಾರ್ಚಿಯಲ್ಲಿ ಗ್ವಾದಲಹಾರಾದಲ್ಲಿ ಮುಸೊಲಿನಿಯ ಇಟಲಿ ಪಡೆಗೆ ಎದುರಾಗಿ ಗ್ಯಾರಿಬಾಲ್ಡಿ ದಳದ ಇಟಾಲಿಯನ್ನರು ನಿಂತರು. ಧ್ವನಿವರ್ಧಕ ಇಟ್ಟು, ತಮ್ಮ ತಾಯ್ನುಡಿಯಲ್ಲೇ ಆಚೆಯ ಸಿಪಾಯಿಗಳನ್ನು ಈಚೆಗೆ ಬನ್ನಿ ಅಂತ ಕರೆದರು. ಕೆಲವರು ಬಂದೇಬಿಟ್ಟರು. ಮುಸೊಲಿನಿಯ ಸೈನ್ಯ ಅಲ್ಲಿ ಸೋತು ಹಿಮ್ಮೆಟ್ಟಿತು.

ಈಗ ಅಮೆರಿಕದ ಕರಿಯರ ಕಡೆ ಬರೋಣ.

ಇವರ ದಾರಿ ಸ್ಪೇನಿನಿಂದ ಶುರುವಾಗಲಿಲ್ಲ, ಇಥಿಯೋಪಿಯಾದಿಂದ ಶುರುವಾಯಿತು. 1896ರಲ್ಲಿ ಅಡೊವಾ ಎಂಬಲ್ಲಿ ಇಟಲಿಯ ಸೈನ್ಯವನ್ನು ಬಡಿದಟ್ಟಿದ್ದ ನಾಡು ಅದು. ಬಿಳಿಯರಿಗೆ ತಲೆಬಾಗದ ಕರಿಯರ ದೇಶವೊಂದು ಭೂಮಿಯ ಮೇಲೆ ಇದೆ ಅನ್ನುವುದೇ ಅಮೆರಿಕದ ಕರಿಯರ ಎದೆಗೆ ಒಂದು ಬೆಂಕಿಕಡ್ಡಿ. 1935ರ ಅಕ್ಟೋಬರಿನಲ್ಲಿ ಮುಸೊಲಿನಿ ಅದರ ಮೇಲೆ ಬಿದ್ದ. ವಿಮಾನದಿಂದ ವಿಷಾನಿಲ ಸುರಿದ. ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿ, ಶಿಕಾಗೋದ ದಕ್ಷಿಣದ ಕೇರಿಯಲ್ಲಿ ಜನ ಬೀದಿಗಿಳಿದರು. ನಾವೂ ಹೋಗಿ ಕಾದುತ್ತೇವೆ ಅಂತ ಸಾವಿರಾರು ಜನ ಮುಂದೆ ಬಂದರು. ಪರದೇಶದ ಸೈನ್ಯ ಸೇರುವುದು ಅಪರಾಧ ಅಂತ ಅಮೆರಿಕ ಸರ್ಕಾರ ಕಾನೂನು ತೋರಿಸಿತು. ಶಿಕಾಗೋದ ವಿಮಾನ ಚಾಲಕ ಜಾನ್ ರಾಬಿನ್ಸನ್ ತರಹದ ಬೆರಳೆಣಿಕೆಯ ಮಂದಿಗೆ ಮಾತ್ರ ಹೋಗಲು ಆಯಿತು. ಉಳಿದವರ ಸಿಟ್ಟು ಎದೆಯಲ್ಲೇ ಕೂತಿತು. ಮರುವರ್ಷ ಅದೇ ಮುಸೊಲಿನಿ, ಅದೇ ವಿಮಾನಗಳು, ಅದೇ ಕರಿ ಅಂಗಿಯ ಪಡೆ ಸ್ಪೇನಿಗೆ ಬಂದಾಗ, ಇಥಿಯೋಪಿಯಾದಲ್ಲಿ ಸಿಕ್ಕದವನು ಇಲ್ಲಿ ಸಿಕ್ಕ ಅಂತ ಹೊರಟರು. ಅಮೆರಿಕದಿಂದ ಹೋದ ಸುಮಾರು 2,800 ಮಂದಿಯಲ್ಲಿ ಕರಿಯರು ಸುಮಾರು 90. ಲೆಕ್ಕದಲ್ಲಿ ಸಣ್ಣದು. ತೂಕದಲ್ಲಿ ಸಣ್ಣದಲ್ಲ.

ಅವರಲ್ಲಿ ಒಬ್ಬ ಆಲಿವರ್ ಲಾ. 1900ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದವನು. ಅಮೆರಿಕದ ಸೈನ್ಯದಲ್ಲಿ ಕರಿಯರಿಗೆ ಅಂತಲೇ ಬೇರೆಯಾಗಿದ್ದ 24ನೇ ಪದಾತಿ ದಳದಲ್ಲಿ ವರ್ಷಗಟ್ಟಲೆ ದುಡಿದ. ಅಲ್ಲಿ ಕರಿಯ ಸಿಪಾಯಿಗಳಿಗೆ ಆಜ್ಞೆ ಕೊಡುವವರು ಬಿಳಿಯ ಅಧಿಕಾರಿಗಳು. ಆಮೇಲೆ ಶಿಕಾಗೋಗೆ ಬಂದು ಕಟ್ಟಡದ ಕೂಲಿ ಮಾಡಿದ, ಟ್ಯಾಕ್ಸಿ ಓಡಿಸಿದ, ಕೆಲಸವಿಲ್ಲದವರ ಸಂಘ ಕಟ್ಟಿದ. 1935ರ ಆಗಸ್ಟಿನಲ್ಲಿ ಇಥಿಯೋಪಿಯಾದ ಪರವಾಗಿ ಮಾಳಿಗೆಯ ಮೇಲೆ ನಿಂತು ಭಾಷಣ ಮಾಡುತ್ತಿದ್ದಾಗ ಪೊಲೀಸರು ಹಿಡಿದರು. 1937ರ ಆರಂಭದಲ್ಲಿ ಸ್ಪೇನಿನಲ್ಲಿದ್ದ.

ಅಮೆರಿಕನ್ನರ ದಳಕ್ಕೆ ಅಬ್ರಹಾಂ ಲಿಂಕನ್ ಬೆಟಾಲಿಯನ್ ಅಂತ ಹೆಸರು. 1937ರ ಫೆಬ್ರವರಿ 27ರಂದು ಜರಾಮಾ ನದಿಯ ದಡದಲ್ಲಿ, ಸರಿಯಾದ ತರಬೇತಿ ಇಲ್ಲದೆ, ಬರುತ್ತದೆ ಅಂದ ವಿಮಾನದ ಬೆಂಬಲ ಸಿಗದೆ, ಈ ಹುಡುಗರನ್ನು ಗುಡ್ಡದ ಮೇಲಿನ ಮೆಷಿನ್‌ಗನ್ನುಗಳ ಬಾಯಿಗೆ ನುಗ್ಗಿಸಿದರು. ಒಂದೇ ದಿನ ನೂರಕ್ಕೂ ಹೆಚ್ಚು ಮಂದಿ ಸತ್ತರು. ಮೇಲಿನವರ ಹಟಕ್ಕೆ ಕೆಳಗಿನವರು ತೆತ್ತ ಬೆಲೆ ಅದು. ಆ ಸಾವುಗಳ ನಡುವೆ ತಲೆ ಕೆಡಿಸಿಕೊಳ್ಳದೆ ನಿಂತವನು ಆಲಿವರ್ ಲಾ. ಮೆಷಿನ್‌ಗನ್ ತುಕಡಿಯ ನಾಯಕನಾದ, ಬೇಸಿಗೆಯ ಹೊತ್ತಿಗೆ ಇಡೀ ಬೆಟಾಲಿಯನ್ನಿನ ನಾಯಕನಾದ. ಬಿಳಿಯರೂ ಕರಿಯರೂ ಕೂಡಿದ್ದ ಅಮೆರಿಕನ್ನರ ಪಡೆಯೊಂದಕ್ಕೆ ಕರಿಯನೊಬ್ಬ ನಾಯಕನಾದದ್ದು ಅದೇ ಮೊದಲು.

ಅವನ ಜೊತೆಗಾರರು ಒಂದು ಪ್ರಸಂಗ ಹೇಳುತ್ತಿದ್ದರು. ಅಮೆರಿಕ ಸೈನ್ಯದ ಕರ್ನಲ್ ಒಬ್ಬ ಈ ದಳವನ್ನು ನೋಡಲು ಬಂದ. ಲಾ ಮೈಮೇಲಿದ್ದ ಕ್ಯಾಪ್ಟನ್ ಸಮವಸ್ತ್ರ ಕಂಡು, ನೀನು ಇದನ್ನು ಯಾಕೆ ಹಾಕಿಕೊಂಡಿದ್ದೀಯ ಅಂತ ಕೇಳಿದ. ನಾನು ಕ್ಯಾಪ್ಟನ್ ಆಗಿರೋದರಿಂದ ಅಂದ ಲಾ. ಅಷ್ಟೇ ಮಾತು. ಹೊಸ ಅಂಗಿ ತೊಟ್ಟು ಊರೊಳಗೆ ನಡೆದದ್ದಕ್ಕೆ, ಮೀಸೆ ಬಿಟ್ಟದ್ದಕ್ಕೆ ಒದೆ ತಿಂದ ನಮ್ಮ ಹುಡುಗರಿಗೆ ಆ ಕರ್ನಲ್ಲನ ಪ್ರಶ್ನೆಯೂ ಅರ್ಥವಾಗುತ್ತದೆ, ಲಾ ಕೊಟ್ಟ ಉತ್ತರವೂ ಅರ್ಥವಾಗುತ್ತದೆ.

1937ರ ಜುಲೈಯಲ್ಲಿ ಬ್ರುನೆತೆ ಕಾಳಗ. ಸುಡುವ ಬಿಸಿಲು, ಕುಡಿಯಲು ನೀರಿಲ್ಲ. ಸೊಳ್ಳೆ ದಿಣ್ಣೆ ಅಂತ ಸಿಪಾಯಿಗಳು ಹೆಸರಿಟ್ಟ ಗುಡ್ಡಕ್ಕೆ ದಳವನ್ನು ತಾನೇ ಮುಂದೆ ನಿಂತು ಹತ್ತಿಸುವಾಗ ಲಾಗೆ ಗುಂಡು ತಗುಲಿತು. ಅಲ್ಲೇ ಮಣ್ಣು ಮಾಡಿದರು. ಆ ಗೋರಿಯ ಗುರುತು ಉಳಿಯಲಿಲ್ಲ.

ಸಲೇರಿಯಾ ಕೀ ಎಂಬ ಹೆಣ್ಣುಮಗಳ ಹೆಸರನ್ನೂ ಬರೆದುಕೊಳ್ಳಿ. ಹಾರ್ಲೆಮ್ ಆಸ್ಪತ್ರೆಯಲ್ಲಿ ನರ್ಸ್ ತರಬೇತಿ ಪಡೆದವಳು. ವಿದ್ಯಾರ್ಥಿನಿಯಾಗಿದ್ದಾಗಲೇ ಅಲ್ಲಿನ ಊಟದ ಮನೆಯಲ್ಲಿ ಕರಿಯರನ್ನು ಬೇರೆ ಕೂರಿಸುವುದರ ವಿರುದ್ಧ ಗೆಳತಿಯರ ಜೊತೆ ಎದ್ದು ನಿಂತಿದ್ದಳು. ಬೇರೆ ಮೇಜು ಅಂದರೆ ಏನು ಅಂತ, ಹೋಟೆಲಿನ ಹೊರಗೆ ಬೇರೆ ಲೋಟದಲ್ಲಿ ಟೀ ಕುಡಿದ ಜನಕ್ಕೆ ಗೊತ್ತು. ತನ್ನ ಸೀಮೆಯಲ್ಲಿ ನೆರೆ ಬಂದಾಗ ಸೇವೆಗೆ ಹೋದರೆ, ನಿನ್ನ ಬಣ್ಣ ಆಗಬರೋದಿಲ್ಲ ಅಂತ ತನ್ನನ್ನು ವಾಪಸು ಕಳಿಸಿದರು ಎಂದು ಅವಳೇ ಹೇಳಿಕೊಂಡಿದ್ದಾಳೆ. ಮುಳುಗುವವನಿಗೂ ಮೈಲಿಗೆ! ಸ್ಪೇನ್ ಆಕೆಯನ್ನು ಬೇಡ ಅನ್ನಲಿಲ್ಲ. 1937ರಲ್ಲಿ ಹೋಗಿ, ರಾಜಮನೆತನದವರ ಬೇಸಿಗೆಯ ಬಂಗಲೆಯನ್ನೇ ಆಸ್ಪತ್ರೆ ಮಾಡಿದ್ದ ವಿಲ್ಲಾ ಪಾಸ್‌ನಲ್ಲಿ ನಾನಾ ದೇಶದ ಗಾಯಾಳುಗಳ ಶುಶ್ರೂಷೆ ಮಾಡಿದಳು. ಅಲ್ಲೇ ಐರಿಷ್ ಸಿಪಾಯಿಯೊಬ್ಬನನ್ನು ಮದುವೆಯಾದಳು. ಆಗ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಕರಿಯರು ಬಿಳಿಯರನ್ನು ಮದುವೆಯಾಗುವುದೇ ಅಪರಾಧವಾಗಿತ್ತು.

ಇವರಿಗೆ ಸ್ಪೇನಿನಲ್ಲಿ ಸಿಕ್ಕದ್ದೇನು? ಕ್ರಾಫರ್ಡ್ ಮಾರ್ಗನ್ ಎಂಬ ಇನ್ನೊಬ್ಬ ಕರಿಯ ಯೋಧನನ್ನು 1954ರಲ್ಲಿ ಅಮೆರಿಕ ಸರ್ಕಾರದ ಮಂಡಳಿಯೊಂದು ವಿಚಾರಣೆಗೆ ಕೂರಿಸಿತು. ಅವನ ಉತ್ತರದ ತಿರುಳು ಇಷ್ಟೆ: ನಾನು ಮನುಷ್ಯ ಅಂತ ನನಗೆ ಅನ್ನಿಸಿದ್ದು ಸ್ಪೇನಿನಲ್ಲಿ. ಅಲ್ಲಿ ಎಲ್ಲರನ್ನೂ ನಡೆಸಿಕೊಂಡ ಹಾಗೇ ನನ್ನನ್ನೂ ನಡೆಸಿಕೊಂಡರು. ಗುಂಡು ಬೀಳುವ ಜಾಗದಲ್ಲಿ ಒಬ್ಬ ಮನುಷ್ಯನಿಗೆ ಮನುಷ್ಯತನ ಸಿಕ್ಕಿತು, ಹುಟ್ಟಿದೂರಿನಲ್ಲಿ ಸಿಕ್ಕಲಿಲ್ಲ ಅಂದರೆ, ಆ ಊರಿನ ಬಗ್ಗೆ ಬೇರೆ ಸಾಕ್ಷಿ ಯಾಕೆ ಬೇಕು?

ಇಲ್ಲಿಗೇ ನಿಲ್ಲಿಸಿದರೆ ಕತೆ ಚೆನ್ನಾಗಿರುತ್ತದೆ. ಆದರೆ ಪೂರ್ತಿಯಾಗುವುದಿಲ್ಲ.

ಫ್ರಾಂಕೋ ಪಡೆಯ ಮುಂಚೂಣಿಯಲ್ಲಿ ನಡೆದವರು ಯಾರು? ಮೊರಾಕೋದ ಬಡ ಮುಸ್ಲಿಮರು. ಯುದ್ಧದ ಉದ್ದಕ್ಕೂ 60ರಿಂದ 80 ಸಾವಿರ ಮಂದಿಯನ್ನು ಅಲ್ಲಿಂದ ತಂದು ಕಾದಿಸಿದರು. ಅವರ ರಿಫ್ ಬೆಟ್ಟಸೀಮೆ 1921ರಲ್ಲಿ ಅಬ್ದುಲ್ ಕರೀಮನ ನಾಯಕತ್ವದಲ್ಲಿ ಸ್ಪೇನಿನ ಸೈನ್ಯವನ್ನು ಅನ್ವಾಲ್ ಎಂಬಲ್ಲಿ ಪುಡಿಗಟ್ಟಿತ್ತು. ಸೇಡಿಗೆ ಸ್ಪೇನ್ ಆ ಹಳ್ಳಿಗಳ ಮೇಲೆ ವಿಷಾನಿಲದ ಬಾಂಬು ಹಾಕಿತು. ಇಥಿಯೋಪಿಯಾದ ಮೇಲೆ ಮುಸೊಲಿನಿ ಹಾಕುವುದಕ್ಕೆ ಹತ್ತು ಹನ್ನೆರಡು ವರ್ಷ ಮೊದಲೇ. 1926ರಲ್ಲಿ ಫ್ರಾನ್ಸ್, ಸ್ಪೇನ್ ಎರಡೂ ಸೇರಿ ರಿಫ್ ಜನರನ್ನು ಬಗ್ಗುಬಡಿದವು. ಹತ್ತು ವರ್ಷ ಕಳೆದು, ತಮ್ಮನ್ನು ಬಡಿದ ಅದೇ ದಂಡನಾಯಕರ ಕೈಕೆಳಗೆ ಆ ಹಳ್ಳಿಗಳ ಗಂಡಸರು ಸ್ಪೇನಿಗೆ ಬಂದರು. ಯಾಕೆ? ಹಸಿವು. ಬೆಳೆ ಹೋಗಿತ್ತು. ಸೈನ್ಯಕ್ಕೆ ಸೇರಿದರೆ ಸಂಬಳ, ಮನೆಯವರಿಗೆ ರೊಟ್ಟಿ, ಎಣ್ಣೆ. ಕ್ರಿಸ್ತನ ಹೆಸರಿನ ಧರ್ಮಯುದ್ಧಕ್ಕೆ ಮುಸ್ಲಿಮರ ರಕ್ತ ಫ್ರಾಂಕೋಗೆ ಮೈಲಿಗೆಯಾಗಲಿಲ್ಲ. ಮುಂದೆ ನಡೆದು ಸಾಯುವ ಕೆಲಸಕ್ಕೆ ಯಾವ ಜಾತಿಯೂ ಆಗುತ್ತದೆ.

ಅಮೆರಿಕದ ಕರಿಯ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1937ರಲ್ಲಿ ಪತ್ರಿಕಾ ವರದಿಗಾರನಾಗಿ ಸ್ಪೇನಿಗೆ ಬಂದು ಗಾಯಗೊಂಡು ಸೆರೆಸಿಕ್ಕ ಮೊರಾಕೋದವರನ್ನು ಆಸ್ಪತ್ರೆಯಲ್ಲಿ ಕಂಡ. ತುಳಿತಕ್ಕೆ ಸಿಕ್ಕವನನ್ನೇ ಎಳೆತಂದು ಇನ್ನೊಬ್ಬರನ್ನು ತುಳಿಯಲು ಬಿಡುವ ಈ ಆಟವನ್ನು ಬರೆದ. ಊರಿಗೆ ಬರೆದ ಕಾಗದದ ರೂಪದಲ್ಲಿ ಒಂದು ಪದ್ಯವನ್ನೂ ಬರೆದ; ಅದರಲ್ಲಿ ಕರಿಯ ಸಿಪಾಯಿಯೊಬ್ಬ ಗಾಯಗೊಂಡ ಮೊರಾಕೋದವನನ್ನು ಎದುರಾಗುತ್ತಾನೆ.

ಆದರೆ ಗಣರಾಜ್ಯ ಏನು ಮಾಡಿತು? 1936ರ ಸೆಪ್ಟೆಂಬರಿನಲ್ಲಿ ಮೊರಾಕೋದ ರಾಷ್ಟ್ರವಾದಿಗಳು ಬಾರ್ಸಿಲೋನಾಕ್ಕೆ ಬಂದಿದ್ದರು. ನಮಗೆ ಸ್ವಾತಂತ್ರ್ಯದ ಮಾತು ಕೊಡಿ, ಫ್ರಾಂಕೋನ ಬೆನ್ನ ಹಿಂದೆ ನಾವು ಏಳುತ್ತೇವೆ ಅನ್ನುವುದು ಅವರ ಲೆಕ್ಕ. ಅಲ್ಲಿನ ಕಾರ್ಮಿಕ ಸಂಘಗಳ ಸಮಿತಿ ಒಪ್ಪಿತು. ಮ್ಯಾಡ್ರಿಡ್ಡಿನ ಸರ್ಕಾರ ಒಪ್ಪಲಿಲ್ಲ. ಸ್ಪೇನ್ ಬಿಟ್ಟುಕೊಟ್ಟರೆ ತನ್ನ ಕೈಲಿರುವ ಮೊರಾಕೋವೂ ಎದ್ದೀತು ಅಂತ ಫ್ರಾನ್ಸಿಗೆ ಹೆದರಿಕೆ. ಫ್ರಾನ್ಸ್ ಮುನಿದೀತು ಅಂತ ಗಣರಾಜ್ಯಕ್ಕೆ ಹೆದರಿಕೆ. ಬಂದವರು ಬರಿಗೈಲಿ ಹಿಂದಿರುಗಿದರು. ಸಮಾನತೆ ಸಾರುವವರ ಗೋಡೆಚಿತ್ರಗಳಲ್ಲಿ 'ಮೂರ್' ಅಂದರೆ ಹಲ್ಲುಕಿರಿಯುವ ರಾಕ್ಷಸ. ವಸಾಹತಿನ ಜನಕ್ಕೆ ಫ್ರಾಂಕೋ ಕೊಟ್ಟದ್ದು ರೊಟ್ಟಿ. ಗಣರಾಜ್ಯ ಅದನ್ನೂ ಕೊಡಲಿಲ್ಲ, ಬಿಡುಗಡೆಯನ್ನೂ ಕೊಡಲಿಲ್ಲ.

ಇಲ್ಲಿ ಬಾಬಾಸಾಹೇಬರನ್ನು ನೆನೆಯದೆ ಮುಂದೆ ಹೋಗಲಾಗದು. ಸ್ಪೇನಿನಲ್ಲಿ ದಂಗೆಯೆದ್ದ ಅದೇ 1936ರಲ್ಲಿ, ಲಾಹೋರಿನವರು ಓದಲು ಬಿಡದ ಭಾಷಣವನ್ನು ಅವರು 'ಜಾತಿ ವಿನಾಶ' ಅಂತ ತಾವೇ ಅಚ್ಚು ಹಾಕಿಸಿದರು. ಅದರಲ್ಲಿ ಸಮಾಜವಾದಿಗಳಿಗೆ ಒಂದು ಪ್ರಶ್ನೆ ಇದೆ. ಕ್ರಾಂತಿ ಆದ ಮೇಲೆ ತನ್ನನ್ನು ಸಮಾನವಾಗಿ ನಡೆಸಿಕೊಳ್ಳುತ್ತಾರೆ ಅನ್ನುವ ನಂಬಿಕೆ ಬರದೆ ಯಾವನು ನಿಮ್ಮ ಕ್ರಾಂತಿಗೆ ಬರುತ್ತಾನೆ? ಇದು ಅದರ ಸಾರ. ಅವರು ಹೇಳಿದ್ದು ಇಂಡಿಯಾಕ್ಕೆ. ಆ ಮಾತು ಸ್ಪೇನಿನಲ್ಲಿ ಎರಡೂ ಬಗೆಯಲ್ಲಿ ನಿಜವಾಯಿತು. ಕಂದಕದಲ್ಲಿ ಸಮಾನತೆ ಕಂಡ ಆಲಿವರ್ ಲಾ ಸಮುದ್ರ ದಾಟಿ ಬಂದು ಪ್ರಾಣ ಕೊಟ್ಟ. ಆ ನಂಬಿಕೆ ಯಾರಿಂದಲೂ ಸಿಕ್ಕದ ರಿಫ್ ಸೀಮೆಯ ಬಡವ ಪಕ್ಕದ ಜಲಸಂಧಿ ದಾಟಿ ಬಂದು ಎದುರು ಕಡೆ ನಿಂತ. ಅವನನ್ನು ದ್ರೋಹಿ ಅನ್ನುವುದು ಸುಲಭ. ಅವನಿಗೆ ಮೊದಲು ದ್ರೋಹ ಮಾಡಿದವರು ಯಾರು ಅಂತ ಕೇಳುವುದು ಕಷ್ಟ.

ನಮ್ಮ ದೇಶದಿಂದಲೂ ಸ್ಪೇನಿಗೆ ಹೋದವರಿದ್ದರು, ಕೆಲವೇ ಮಂದಿ. ನಾಗಪುರದ ಗೋಪಾಲ ಮುಕುಂದ ಹುದ್ದಾರ್ ಅವರ ದಾರಿ ವಿಚಿತ್ರವಾದದ್ದು. ರಾಷ್ಟ್ರೀಯ ಸ್ವಯಂಸೇವಕ ಸಂಘದ ಮೊದಲ ಸರಕಾರ್ಯವಾಹ ಆಗಿದ್ದವರು. ಲಂಡನ್ನಿಗೆ ಪತ್ರಿಕೋದ್ಯಮ ಕಲಿಯಲು ಹೋಗಿ, 'ಜಾನ್ ಸ್ಮಿತ್' ಅನ್ನುವ ಹೆಸರಿನಲ್ಲಿ ಅಂತರರಾಷ್ಟ್ರೀಯ ದಳ ಸೇರಿದರು. 1938ರ ಏಪ್ರಿಲಿನಲ್ಲಿ ಗಂದೇಸಾದ ಬಳಿ ಸೆರೆಸಿಕ್ಕಿ ಫ್ರಾಂಕೋನ ಸಾನ್ ಪೆದ್ರೊ ಶಿಬಿರದಲ್ಲಿ ಬಂದಿಯಾಗಿದ್ದು ಬಿಡುಗಡೆಯಾದರು. ಊರಿಗೆ ಬಂದ ಮೇಲೆ ಸಂಘದ ದಾರಿ ಬಿಟ್ಟು ಕಮ್ಯುನಿಸ್ಟ್ ಪಕ್ಷ ಸೇರಿದರು. ಬಖಾ ಎಂಬ ಜಾಡಮಾಲಿ ಹುಡುಗನ ಒಂದು ದಿನದ ಬಾಳನ್ನು 1935ರಲ್ಲಿ ಕಾದಂಬರಿ ಮಾಡಿದ್ದ ಮುಲ್ಕ್‌ರಾಜ್ ಆನಂದ್ ಯುದ್ಧಕಾಲದಲ್ಲೇ ಸ್ಪೇನಿಗೆ ಹೋಗಿ ಬಂದರು. ಗಾಯಾಳುಗಳ ಸೇವೆಗೆ ಹೋದ ಡಾಕ್ಟರ್ ಅಟಲ್ 1938ರಲ್ಲಿ ಚೀನಾಕ್ಕೆ ಹೊರಟ ಭಾರತೀಯ ವೈದ್ಯ ತಂಡದ ಮುಖಂಡರಾದರು. ಜಪಾನಿನ ದಾಳಿಗೆ ಸಿಕ್ಕ ಚೀನೀ ರೈತರಿಗೆ ಔಷಧಿ ಕೊಡುತ್ತಾ 1942ರಲ್ಲಿ ಅಲ್ಲೇ ತೀರಿಕೊಂಡ ಡಾಕ್ಟರ್ ಕೋಟ್ನಿಸ್ ಆ ತಂಡದವರೇ. ನಮ್ಮ ಗಡಿಗೆ ಅಂಟಿಕೊಂಡ, ಕನ್ನಡದವರೂ ಬಾಳುವ ಸೊಲ್ಲಾಪುರದಲ್ಲಿ ಹುಟ್ಟಿದವರು.

ಪರದೇಶಕ್ಕೆ ಹೋಗಿ ಬಂದೂಕು ಹಿಡಿದ ಮಾತ್ರಕ್ಕೆ ಯಾರೂ ದೊಡ್ಡವರಾಗುವುದಿಲ್ಲ. ಸ್ಪೇನಿನಲ್ಲೇ ಐರ್ಲೆಂಡಿನಿಂದ ಸುಮಾರು 700 ಮಂದಿ ಫ್ರಾಂಕೋ ಪರವಾಗಿ ಹೋಗಿದ್ದರು. 2014ರ ನಂತರ ಸಿರಿಯಾದಲ್ಲಿ ಸಾವಿರಾರು ಪರದೇಶಿಗಳು ಹೆಣ್ಣುಮಕ್ಕಳನ್ನು ಸಂತೆಯಲ್ಲಿ ಮಾರಿದ ಐಸಿಸ್ ಜೊತೆ ಸೇರಿದರು. ಅವರನ್ನು ಎದುರಿಸಿದ ಕುರ್ದಿ ಜನರ ಜೊತೆ ಸೇರಿದ ಪರದೇಶಿಗಳೂ ಇದ್ದರು. ಹಾಗಾಗಿ ನಾವು ಕೇಳಬೇಕಾದದ್ದು ಎರಡೇ. ಯಾರ ಪರವಾಗಿ ಹೋದೆ? ನೀನು ಗೆದ್ದರೆ ಕಟ್ಟಕಡೆಯವನ ಸರಪಳಿ ಬಿಚ್ಚುತ್ತದೋ, ಬಿಗಿಯುತ್ತದೋ?

ಅಂತರರಾಷ್ಟ್ರೀಯ ದಳಗಳನ್ನು 1938ರಲ್ಲಿ ಗಣರಾಜ್ಯವೇ ಹಿಂದಕ್ಕೆ ಕಳಿಸಿತು. ನಾವು ಕಳಿಸಿದರೆ ಹಿಟ್ಲರ್, ಮುಸೊಲಿನಿಯರ ಸೈನ್ಯವನ್ನೂ ಲೋಕ ಹೊರಗೆ ಹಾಕಿಸೀತು ಅನ್ನುವ ಆಸೆ. ಲೋಕ ಹಾಕಿಸಲಿಲ್ಲ. ಅಕ್ಟೋಬರ್ 28ರಂದು ಬಾರ್ಸಿಲೋನಾದ ಜನ ಅತ್ತು, ಹೂ ಎರಚಿ ಅವರನ್ನು ಕಳಿಸಿಕೊಟ್ಟರು. 1939ರ ಏಪ್ರಿಲ್ 1ರಂದು ಫ್ರಾಂಕೋ ಗೆದ್ದೆ ಅಂದ. ಐದು ತಿಂಗಳಲ್ಲಿ ಎರಡನೇ ಮಹಾಯುದ್ಧ. 1975ರಲ್ಲಿ ಸಾಯುವ ತನಕ ಅವನದೇ ಆಳ್ವಿಕೆ.

ಅಮೆರಿಕದಿಂದ ಹೋದವರಲ್ಲಿ ಕಾಲುಭಾಗಕ್ಕೂ ಹೆಚ್ಚು ಜನ ಹಿಂದಿರುಗಲಿಲ್ಲ. ಹಿಂದಿರುಗಿದವರಿಗೆ ಸಿಕ್ಕದ್ದು ಪೊಲೀಸರ ಕಣ್ಣು, ಕಿತ್ತುಕೊಂಡ ಪಾಸ್‌ಪೋರ್ಟು. ಕರಿಯರಿಗೆ ಮತ್ತೆ ಅದೇ ಹಿಂಬಾಗಿಲು. ಮಹಾಯುದ್ಧದಲ್ಲೂ ಕರಿಯರನ್ನು ಬೇರೆ ದಳದಲ್ಲೇ ಇಟ್ಟರು. ಸೈನ್ಯದಲ್ಲಿ ಈ ಬೇರ್ಪಡಿಕೆ ನಿಲ್ಲಿಸುವ ಆಜ್ಞೆ ಹೊರಟದ್ದು 1948ರಲ್ಲಿ. ಆಲಿವರ್ ಲಾ ಕ್ಯಾಪ್ಟನ್ ಆಗಿ ಸತ್ತು ಹನ್ನೊಂದು ವರ್ಷ ಆಗಿತ್ತು. ಸ್ಪೇನ್ ಈ ಯೋಧರಿಗೆ ಪೌರತ್ವದ ಹಕ್ಕು ಕೊಟ್ಟದ್ದು 1996ರಲ್ಲಿ, ಬದುಕಿದ್ದವರು ಕೆಲವೇ ಮುದುಕರಾದ ಮೇಲೆ.

ಮೊರಾಕೋದ ಸಿಪಾಯಿಗಳಿಗೆ ಹೂ ಎರಚಿದವರು ಯಾರೂ ಇಲ್ಲ. ಗೆದ್ದವರ ಜೊತೆ ಇದ್ದೂ ಅವರ ಹಳ್ಳಿಗಳು ಗೆಲ್ಲಲಿಲ್ಲ. 1956ರ ತನಕ ವಸಾಹತಾಗಿಯೇ ಉಳಿದವು. ಸ್ಪೇನ್ ಸೋತದ್ದಕ್ಕೆ ಹಿಟ್ಲರನ ವಿಮಾನ, ಬ್ರಿಟನ್ನಿನ ಮೌನ, ಎಡದವರ ಒಳಜಗಳ ಅಂತ ಪಂಡಿತರು ಕಾರಣ ಎಣಿಸುತ್ತಾರೆ. ಎಲ್ಲ ನಿಜ. ಆ ಪಟ್ಟಿಗೆ ಇದೊಂದನ್ನೂ ನಾವು ಸೇರಿಸುತ್ತೇವೆ: ಬಾರ್ಸಿಲೋನಾದ ಬಾಗಿಲಿಗೆ ಬಂದು ಬರಿಗೈಲಿ ಹೋದ ಮೊರಾಕೋದವರು. ಸಮಾನತೆಯ ಹೆಸರಿನಲ್ಲಿ ಯಾರು ನಮ್ಮನ್ನು ಕರೆದರೂ, ಯಾರನ್ನು ನಾವು ಕರೆದರೂ, ಮೊದಲು ಆ ಬಾಗಿಲನ್ನು ನೋಡಬೇಕು. ಅಲ್ಲಿ ಇನ್ನೂ ಯಾರು ಹೊರಗೆ ನಿಂತಿದ್ದಾರೆ?